ಟಾರೆನ್ ಬೇಟೆಗಾರನಿಗೆ ಕಸುಬು ಹುಡುಕಿದ ದಿನಚರಿ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಎಂಬ ಆನ್‌ಲೈನ್ ಆಟದಲ್ಲಿ ನಾನು ಮೊದಲು ಕಟ್ಟಿದ ಬೇಟೆಗಾರ ಆರ್ಕ್ ಕುಲದವನು. ಅವನಿಗೆ ಕಸುಬು ಕಲಿಸುವ ವಿಷಯದಲ್ಲಿ ಎಡವಿ, ಇಪ್ಪತ್ತನೆಯ ಲೆವೆಲ್ ಮುಟ್ಟುವ ಮೊದಲೇ ಅವನನ್ನು ಕೈಬಿಟ್ಟೆ. ಈಗ ಹೊಸದಾಗಿ ಗೂಳಿಮುಖದ ಟಾರೆನ್ ಕುಲದ ಒಬ್ಬ ಬೇಟೆಗಾರನನ್ನು ಶುರು ಮಾಡಿ, ಪ್ರತಿ ರಾತ್ರಿ ಆಟ ಮುಗಿದ ಮೇಲೆ ಚೀಲದಲ್ಲಿ ಏನು ಉಳಿಯಿತು, ಯಾವ ಕಸುಬು ಎಷ್ಟು ಅಂಕ ಏರಿತು, ಎಲ್ಲಿ ಸಮಯ ಹಾಳಾಯಿತು ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದೆ. ಅದರಲ್ಲಿ ಇಪ್ಪತ್ತೆರಡನೆಯ ಲೆವೆಲ್‌ವರೆಗಿನ ಭಾಗವನ್ನು ಇಲ್ಲಿ ಒಪ್ಪ ಮಾಡಿ ಕೊಡುತ್ತಿದ್ದೇನೆ. ನನ್ನ ತಮ್ಮ ಇನ್ನೊಂದು ಊರಿನಲ್ಲಿದ್ದಾನೆ. ಅವನು ಇದೇ ಸರ್ವರ್‌ನಲ್ಲಿ ಟ್ರೋಲ್ ಕುಲದ ಮಾಂತ್ರಿಕನನ್ನು ಆಡುತ್ತಾನೆ, ಆದ್ದರಿಂದ ಕೆಲವು ತೀರ್ಮಾನಗಳಲ್ಲಿ ಅವನ ಪಾಲೂ ಇದೆ.

ಆಟ ಗೊತ್ತಿಲ್ಲದವರಿಗಾಗಿ ನಿಯಮವನ್ನು ಮೊದಲು ಹೇಳಿಬಿಡುತ್ತೇನೆ. 2004ರ ನವೆಂಬರ್‌ನಲ್ಲಿ ಹೊರಬಂದ ಮೂಲ ಆಟದ ನಿಯಮಗಳನ್ನೇ ಬಹುಮಟ್ಟಿಗೆ ಉಳಿಸಿಕೊಂಡು 2019ರ ಆಗಸ್ಟ್‌ನಲ್ಲಿ ಮತ್ತೆ ತೆರೆದದ್ದು ಈ ಕ್ಲಾಸಿಕ್ ರೂಪ. ಇದರಲ್ಲಿ ಒಂದು ಪಾತ್ರಕ್ಕೆ ಎರಡೇ ಮುಖ್ಯ ಕಸುಬುಗಳು. ಹರ್ಬಲಿಸಂ (ಮೂಲಿಕೆ ಕೀಳುವುದು), ಮೈನಿಂಗ್ (ಅದಿರು ಅಗೆಯುವುದು), ಸ್ಕಿನ್ನಿಂಗ್ (ಚರ್ಮ ಸುಲಿಯುವುದು) ಈ ಮೂರು ಸಂಗ್ರಹದ ಕಸುಬುಗಳಾದರೆ, ಆಲ್ಕೆಮಿ (ಔಷಧ ತಯಾರಿಕೆ), ಬ್ಲ್ಯಾಕ್‌ಸ್ಮಿತಿಂಗ್ (ಕಮ್ಮಾರಿಕೆ), ಎಂಚಾಂಟಿಂಗ್ (ವಸ್ತುಗಳಿಗೆ ಮಂತ್ರಬಲ ತುಂಬುವುದು), ಎಂಜಿನಿಯರಿಂಗ್, ಲೆದರ್‌ವರ್ಕಿಂಗ್ (ಚರ್ಮದ ಕೆಲಸ), ಟೈಲರಿಂಗ್ (ಹೊಲಿಗೆ) ಇವು ತಯಾರಿಕೆಯ ಕಸುಬುಗಳು. ಅಡುಗೆ, ಮೀನುಗಾರಿಕೆ, ಪ್ರಥಮ ಚಿಕಿತ್ಸೆ ಈ ಎರಡರ ಲೆಕ್ಕಕ್ಕೆ ಬರುವುದಿಲ್ಲ, ಬೇಕಾದವರು ಮೂರನ್ನೂ ಕಲಿಯಬಹುದು. ಪ್ರತಿ ಕಸುಬಿನ ಅಂಕ 1ರಿಂದ ಆರಂಭವಾಗಿ 300ರವರೆಗೆ ಹೋಗುತ್ತದೆ. 75, 150, 225ರಲ್ಲಿ ಒಂದೊಂದು ಕಟ್ಟೆಯಿದ್ದು, ಕಲಿಸುವವರ ಬಳಿ ಹೋಗಿ ಹಣ ಕೊಟ್ಟು ಮುಂದಿನ ಪಾಠ ಕಲಿಯದೆ ಆ ಕಟ್ಟೆ ದಾಟಲಾಗದು. ಕಲಿತ ಕಸುಬನ್ನು ಬಿಡಬಹುದು, ಆದರೆ ಬಿಟ್ಟ ಕ್ಷಣದಲ್ಲಿ ಅದುವರೆಗಿನ ಅಂಕವೆಲ್ಲ ಹೋಗುತ್ತದೆ, ಮುಂದೊಂದು ದಿನ ಮತ್ತೆ ಕಲಿತರೆ 1ರಿಂದಲೇ ಮೊದಲು.

ಆ ಆರ್ಕ್ ಬೇಟೆಗಾರನಲ್ಲಿ ನಾನು ಮಾಡಿದ ತಪ್ಪು ಈ ಅಂಕಗಳಿಗೇ ಸಂಬಂಧಿಸಿದ್ದು. ಲೆವೆಲ್ ಏರುವುದೇ ಮುಖ್ಯ, ಕಸುಬು ಆಮೇಲೆ ನೋಡಿದರಾಯಿತು ಎಂದುಕೊಂಡು ಹದಿನೆಂಟನೆಯ ಲೆವೆಲ್‌ನಲ್ಲಿ ಸ್ಕಿನ್ನಿಂಗ್ ಕಲಿತೆ. ಪ್ರಾಣಿಯ ಲೆವೆಲ್ 10ರ ಒಳಗಿದ್ದರೆ ಅದರ ಚರ್ಮ ಸುಲಿಯಲು 1 ಅಂಕ ಸಾಕು. 11ರಿಂದ 20ರವರೆಗಿನ ಪ್ರಾಣಿಗಳಿಗೆ ಮಾತ್ರ ಲೆಕ್ಕ ಕಡಿದಾಗಿದೆ: ಪ್ರಾಣಿಯ ಲೆವೆಲ್ಲನ್ನು ಹತ್ತರಿಂದ ಗುಣಿಸಿ ನೂರು ಕಳೆದರೆ ಬೇಕಾದ ಅಂಕ ಸಿಗುತ್ತದೆ. ಅಂದರೆ 13ರ ಪ್ರಾಣಿಗೆ 30, 15ರದಕ್ಕೆ 50, 18ರದಕ್ಕೆ 80. ಇಪ್ಪತ್ತು ದಾಟಿದ ಮೇಲೆ ಏರಿಕೆ ಅರ್ಧಕ್ಕಿಳಿದು, ಲೆವೆಲ್‌ನ ಐದು ಪಟ್ಟು ಅಂಕವಿದ್ದರೆ ಸಾಕಾಗುತ್ತದೆ. ಹೀಗಾಗಿ ಹದಿನೆಂಟರಲ್ಲಿ ಕಲಿತವನಿಗೆ ಸುತ್ತಮುತ್ತ ಬಿದ್ದಿರುವ ಒಂದು ಪ್ರಾಣಿಯನ್ನೂ ಸುಲಿಯಲಾಗುವುದಿಲ್ಲ. ನಾನು ಆರಂಭದ ಊರಿಗೆ ಹಿಂದಿರುಗಿ, ಅನುಭವದ ಅಂಕ ಒಂದೂ ಕೊಡದ ಹಂದಿಗಳನ್ನು ಒಂದೊಂದೇ ಬಾಣಕ್ಕೆ ಕೆಡವುತ್ತ ಮೂರು ಸಂಜೆ ಕಳೆದೆ. ನಾಲ್ಕನೆಯ ಸಂಜೆ ಆಟ ತೆರೆಯಲು ಮನಸ್ಸು ಬರಲಿಲ್ಲ. ಸಂಗ್ರಹದ ಕಸುಬು ಕಾಲಿನ ಜೊತೆಯಲ್ಲೇ ನಡೆದುಬರಬೇಕು, ಹಿಂದೆ ಬಿಟ್ಟುಬಂದು ಆಮೇಲೆ ಕರೆತರಲು ಹೋದರೆ ನಡೆದ ದಾರಿಯನ್ನೇ ಮತ್ತೆ ನಡೆಯಬೇಕಾಗುತ್ತದೆ ಎಂಬುದು ಅಲ್ಲಿ ಕಲಿತ ಪಾಠ.

ಈ ಸಲ ಟಾರೆನ್ ಕುಲವನ್ನು ಆರಿಸಿಕೊಳ್ಳಲು ಮಲ್ಗೋರ್ ಒಂದು ಕಾರಣ. ಟಾರೆನ್ನರು ಆಟ ಆರಂಭಿಸುವ ಈ ಹುಲ್ಲುಗಾವಲಿನಲ್ಲಿ ಎತ್ತ ನೋಡಿದರೂ ತೋಳ, ಕಾಡುಬೆಕ್ಕುಗಳು. ಸುಲಿಯುವವನಿಗೆ ಇದಕ್ಕಿಂತ ಒಳ್ಳೆಯ ನೆಲ ಆರಂಭದ ಪ್ರದೇಶಗಳಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ. ಕ್ಯಾಂಪ್ ನರಾಚೆಯ ಕೆಲಸಗಳನ್ನು ಮುಗಿಸಿ ಐದನೆಯ ಲೆವೆಲ್ ಹೊತ್ತಿಗೆ ಬ್ಲಡ್‌ಹೂಫ್ ಹಳ್ಳಿಗೆ ಇಳಿದು, ಅಲ್ಲಿಯೇ ಸ್ಕಿನ್ನಿಂಗ್ ಕಲಿತು, ಸುಲಿಯುವ ಚೂರಿಯನ್ನು ಕೊಂಡೆ. ಮೊದಲ ಕಸುಬಿನ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ.

ಎರಡನೆಯದೇ ಕಗ್ಗಂಟಾದದ್ದು. ಟಾರೆನ್ ಬೇಟೆಗಾರನ ಕೈಗೆ ಆಟ ಮೊದಲು ಕೊಡುವುದು ಬಿಲ್ಲಲ್ಲ, ಬಂದೂಕು. ಹಾಗಾಗಿ ಎಂಜಿನಿಯರಿಂಗ್ ಕಲಿತರೆ ಗುಂಡನ್ನೂ ಬಂದೂಕಿನ ದುರ್ಬೀನನ್ನೂ ತಾನೇ ಮಾಡಿಕೊಳ್ಳಬಹುದಲ್ಲ ಎಂಬ ಯೋಚನೆ ಬಂತು. ಲೆಕ್ಕ ಹಾಕಿದಾಗ ಅದು ನಿಲ್ಲಲಿಲ್ಲ. ಆರಂಭದ ಗುಂಡುಗಳು ಅಂಗಡಿಯಲ್ಲಿ ಕೆಲವೇ ತಾಮ್ರದ ಕಾಸಿಗೆ ಇನ್ನೂರರಂತೆ ಸಿಗುತ್ತವೆ, ಅದನ್ನೇ ತಯಾರಿಸಲು ಕಲ್ಲು ಪುಡಿ ಮಾಡಿ, ತಾಮ್ರ ಕರಗಿಸಿ ಗಟ್ಟಿ ಮಾಡಬೇಕು. ದುರ್ಬೀನನ್ನು ಬೇರೆ ಎಂಜಿನಿಯರನಿಂದ ಕೊಂಡು ನಮ್ಮ ಬಂದೂಕಿಗೆ ಹಾಕಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಎಂಜಿನಿಯರಿಂಗ್ ಹೊಟ್ಟೆ ತುಂಬಿಸಲು ಮೈನಿಂಗ್ ಬೇಕು, ಆಗ ಎರಡೂ ಸ್ಥಾನ ಭರ್ತಿಯಾಗಿ ಸ್ಕಿನ್ನಿಂಗ್‌ಗೆ ಜಾಗವೇ ಉಳಿಯುವುದಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಟಾರೆನ್ ಕುಲದ ಹುಟ್ಟುಗುಣ. ಈ ಕುಲದವರಿಗೆ ಹರ್ಬಲಿಸಂನಲ್ಲಿ 15 ಅಂಕ ಹುಟ್ಟಿನಿಂದಲೇ ಬರುತ್ತದೆ. ಕಲಿತ ಮೊದಲ ನಿಮಿಷದಲ್ಲೇ 1 ಮತ್ತು 15 ಸೇರಿ 16 ಆಗುವುದರಿಂದ, ಬೇರೆಯವರು ಪೀಸ್‌ಬ್ಲೂಮ್, ಸಿಲ್ವರ್‌ಲೀಫ್ ಕೀಳುತ್ತ ಅಂಕ ಕೂಡಿಸುತ್ತಿರುವಾಗಲೇ ಟಾರೆನ್ 15 ಅಂಕ ಬೇಡುವ ಅರ್ಥ್‌ರೂಟ್ ಗೆಡ್ಡೆಯನ್ನು ಅಗೆದು ತೆಗೆಯಬಲ್ಲ. ಜೊತೆಗೆ ಈ ಕಸುಬಿಗೆ ಚೂರಿಯಾಗಲಿ ಗುದ್ದಲಿಯಾಗಲಿ ಬೇಕಿಲ್ಲ. ಅನುಭವಿಗಳು ಸಾಮಾನ್ಯವಾಗಿ ಹೇಳುವ ಮಾತೂ ಇದಕ್ಕೆ ಕೂಡಿಬಂತು: ನಲವತ್ತನೆಯ ಲೆವೆಲ್‌ನಲ್ಲಿ ಸವಾರಿ ಪ್ರಾಣಿಗೆ 100 ಚಿನ್ನದ ನಾಣ್ಯ ಬೇಕು, ಅಲ್ಲಿಯವರೆಗೆ ಎರಡೂ ಸಂಗ್ರಹದ ಕಸುಬುಗಳನ್ನೇ ಇಟ್ಟುಕೊಂಡು ಸಿಕ್ಕಿದ್ದನ್ನೆಲ್ಲ ಮಾರಿ, ತಯಾರಿಕೆಯ ಕಸುಬನ್ನು ಆಮೇಲೆ ನೋಡಿಕೊಳ್ಳಿ. ಬೆಟ್ಟದ ಮೇಲಿರುವ ಟಾರೆನ್ನರ ರಾಜಧಾನಿ ಥಂಡರ್ ಬ್ಲಫ್‌ಗೆ ಲಿಫ್ಟ್ ಹತ್ತಿ ಹೋಗಿ ಹರ್ಬಲಿಸಂ ಕಲಿತೆ. ಹುಟ್ಟಿನಿಂದ ಬಂದ ವರವನ್ನು ಬಳಸದೆ ಬಿಡುವುದು ನಷ್ಟ ಎಂಬುದೊಂದೇ ನನ್ನ ಆ ಹೊತ್ತಿನ ವಾದ. ಅದು ದುರ್ಬಲ ವಾದವೆಂದು ತಿಳಿಯಲು ಹನ್ನೊಂದು ಲೆವೆಲ್ ಬೇಕಾಯಿತು.

ಮಲ್ಗೋರ್‌ನ ಮೊದಲ ಪೂರ್ಣ ಸಂಜೆಯ ಲೆಕ್ಕ ನೋಟ್‌ಬುಕ್ಕಿನಲ್ಲಿ ಹೀಗಿದೆ: 61 ಪ್ರಾಣಿ ಸುಲಿದದ್ದು, ಸ್ಕಿನ್ನಿಂಗ್ 44, ಲೈಟ್ ಲೆದರ್ (ತೆಳು ಚರ್ಮ) ಇಪ್ಪತ್ತರ ಎರಡು ಅಟ್ಟಿ ಮತ್ತು ಅರ್ಧ, ಹರಿದ ಚರ್ಮದ ಚೂರುಗಳು ಬೇರೆ. ಆ ಚೂರುಗಳನ್ನು ಅಂಗಡಿಗೆ ಸುರಿಯಬಾರದು ಎಂದು ಅಂಚಿನಲ್ಲಿ ಬರೆದುಕೊಂಡಿದ್ದೇನೆ, ಏಕೆಂದರೆ ಲೆದರ್‌ವರ್ಕಿಂಗ್ ಗೊತ್ತಿರುವವರು ಮೂರು ಚೂರನ್ನು ಕೂಡಿಸಿ ಒಂದು ಲೈಟ್ ಲೆದರ್ ಮಾಡುತ್ತಾರೆ. ಎರಡನೆಯ ಸಂಜೆಯ ಪುಟದಲ್ಲಿ ಒಂದು ಅಚಾತುರ್ಯವೂ ದಾಖಲಾಗಿದೆ. ಸ್ಕಿನ್ನಿಂಗ್ 75 ತಲುಪಿ ನಿಂತದ್ದನ್ನು ಗಮನಿಸದೆ ಮುಕ್ಕಾಲು ಗಂಟೆ ಸುಲಿಯುತ್ತಲೇ ಇದ್ದೆ. ಚರ್ಮ ಸಿಕ್ಕಿತು, ಅಂಕ ಏರಲಿಲ್ಲ. ಬ್ಲಡ್‌ಹೂಫ್ ಕೂಗಳತೆಯಲ್ಲಿತ್ತು, ಹೋಗಿ ಮುಂದಿನ ಪಾಠ ಕಲಿತು ಬರಲು ಎರಡು ನಿಮಿಷ ಹಿಡಿಯುತ್ತಿರಲಿಲ್ಲ. ಅಂದಿನಿಂದ ಊರು ಬಿಡುವ ಮೊದಲು ಕಸುಬಿನ ಪುಟ ತೆರೆದು ಕಟ್ಟೆಗೆ ಎಷ್ಟು ದೂರವಿದೆ ಎಂದು ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಈ ಹಂತದಲ್ಲಿ ನನ್ನನ್ನು ನಿಜಕ್ಕೂ ಕಾಡಿದ್ದು ಚೀಲ. ಪ್ರತಿ ಪಾತ್ರಕ್ಕೆ 16 ಖಾನೆಗಳ ಬೆನ್ನುಚೀಲವಿದ್ದು, ಅದರ ಪಕ್ಕದಲ್ಲಿ ಇನ್ನೂ ನಾಲ್ಕು ಚೀಲ ತೂಗುಹಾಕಲು ಜಾಗವಿದೆ. ಬೇಟೆಗಾರನಿಗೆ ಆ ನಾಲ್ಕರಲ್ಲಿ ಒಂದು ಗುಂಡಿನ ಸಂಚಿಗೇ ಹೋಗುತ್ತದೆ. ಉಳಿದ ಮೂರಕ್ಕೆ ಆರು ಖಾನೆಯ ಸಣ್ಣ ಚೀಲಗಳು ಸಿಕ್ಕಿದರೂ ಒಟ್ಟು 34 ಖಾನೆ ಮಾತ್ರ. ಇದರಲ್ಲಿ ಸಾಕುಪ್ರಾಣಿಯ ಆಹಾರ, ಗಾಯದ ಪಟ್ಟಿಗಳು, ಕೊಟ್ಟ ಕೆಲಸಗಳಿಗಾಗಿ ಕೂಡಿಟ್ಟ ಗರಿ ಉಗುರುಗಳು, ಮಾರಲು ಇಟ್ಟ ಹಳೆಯ ಆಯುಧಗಳು ಎಲ್ಲ ಸೇರಬೇಕು. ಚರ್ಮ ಒಂದೇ ಖಾನೆಯಲ್ಲಿ ಇಪ್ಪತ್ತು ಸೇರಿ ಒಂದು ಅಟ್ಟಿಯಾಗುವುದರಿಂದ ಅದರ ಭಾರ ತಿಳಿಯುವುದಿಲ್ಲ. ಮೂಲಿಕೆಗಳೂ ಇಪ್ಪತ್ತರಂತೆಯೇ ಕೂಡುತ್ತವೆ, ಆದರೆ ಅವುಗಳಲ್ಲಿ ಬಗೆಗಳು ಹೆಚ್ಚು. ಏಳು ಅರ್ಥ್‌ರೂಟ್, ನಾಲ್ಕು ಮೇಜ್‌ರಾಯಲ್, ಎರಡು ಸ್ವಿಫ್ಟ್‌ಥಿಸಲ್ ಎಂದು ಒಂದೊಂದೂ ಒಂದೊಂದು ಖಾನೆ ಹಿಡಿದು ಕುಳಿತಾಗ, ಬೇಟೆಯ ನಡುವೆ ನಿಂತು ಏನನ್ನು ಎಸೆಯಲಿ ಎಂದು ಯೋಚಿಸಬೇಕಾಗುತ್ತದೆ.

ಇಲ್ಲಿ ತಮ್ಮನ ಮಾತು ಬರುತ್ತದೆ. ಅವನ ಮಾಂತ್ರಿಕ ಟೈಲರಿಂಗ್ ಮತ್ತು ಎಂಚಾಂಟಿಂಗ್ ಹಿಡಿದಿದ್ದಾನೆ. ಬಟ್ಟೆಯ ತುಂಡುಗಳು ಕೊಂದ ಶತ್ರುಗಳ ಬಳಿಯೇ ಸಿಗುವುದರಿಂದ ಟೈಲರಿಂಗ್‌ಗೆ ಜೋಡಿಯಾಗಿ ಸಂಗ್ರಹದ ಕಸುಬು ಬೇಡ, ಎಂಚಾಂಟಿಂಗ್‌ಗೆ ಬೇಕಾದ ಸಾಮಗ್ರಿ ತಾನು ಹೊಲಿದ ಅಂಗಿಗಳನ್ನೇ ಕರಗಿಸಿದರೆ ದೊರೆಯುತ್ತದೆ. ಎಂಚಾಂಟಿಂಗ್‌ನ ಮೊದಲ ಪಾಠಗಳಲ್ಲೇ ಬರುವ ಮಂತ್ರದಂಡವನ್ನು ತಾನೇ ಮಾಡಿಕೊಂಡು ಐದನೆಯ ಲೆವೆಲ್‌ನಿಂದ ಅದರಲ್ಲಿಯೇ ಕಾದಾಡುತ್ತಿದ್ದ. ನಾನೋ ಮಲ್ಗೋರ್‌ನ ಗಣಿಯಲ್ಲಿ ಸಿಕ್ಕಿದ ಲಿನನ್ ತುಂಡುಗಳನ್ನೆಲ್ಲ ಪ್ರಥಮ ಚಿಕಿತ್ಸೆಯ ಪಟ್ಟಿ ಮಾಡಲು ಸುರಿಯುತ್ತಿದ್ದೆ. ಒಂದು ತುಂಡಿಗೆ ಒಂದು ಪಟ್ಟಿ, ಒಂದು ಪಟ್ಟಿಯಿಂದ ಆರು ಸೆಕೆಂಡಿನಲ್ಲಿ 66 ಪ್ರಾಣಬಲ. ಫೋನಿನಲ್ಲಿ ಅದನ್ನು ಹೇಳಿದಾಗ ಅವನು ತಡೆದ: "ಅಣ್ಣ, ಎಲ್ಲಾ ಪಟ್ಟಿಗೇ ಹಾಕಬೇಡ. ಆರು ಲಿನನ್ ಕಳಿಸು, ದಾರ ನಾನೇ ತಗೋತೀನಿ, ಒಂದು ಚೀಲ ಹೊಲಿದು ಕೊಡ್ತೀನಿ." ಅವನ ಲೆಕ್ಕ ಸರಿಯಾಗಿತ್ತು. ಎರಡು ತುಂಡಿಗೆ ಒಂದು ಸುರುಳಿ, ಮೂರು ಸುರುಳಿ ಮತ್ತು ಮೂರು ಎಳೆ ದಾರಕ್ಕೆ ಆರು ಖಾನೆಯ ಒಂದು ಲಿನನ್ ಚೀಲ. ಹದಿನೆಂಟು ತುಂಡು ಆಟದೊಳಗಿನ ಅಂಚೆಯಲ್ಲಿ ಕಳಿಸಿದೆ. ಅಂಚೆಗೆ ಹಾಕಿದ ವಸ್ತು ತಲುಪಲು ಒಂದು ಗಂಟೆ ಬೇಕಾದ್ದರಿಂದ ನನ್ನ ಮೂರು ಚೀಲ ಮರುದಿನದ ಆಟಕ್ಕೆ ಒದಗಿದವು.

ಉಳಿದ ಲಿನನ್ ಪಟ್ಟಿಗಾಯಿತು. ಹತ್ತನೆಯ ಲೆವೆಲ್‌ನಲ್ಲಿ ಪಳಗಿಸುವ ವಿದ್ಯೆ ಬಂದ ಮೇಲೆ ಒಂದು ಕಾಡುಬೆಕ್ಕನ್ನು ಜೊತೆ ಮಾಡಿಕೊಂಡೆ. ಸಾಕುಪ್ರಾಣಿಯ ಗಾಯ ಮಾಯಿಸುವ ವಿದ್ಯೆ ಬೇಟೆಗಾರನಿಗೆ ಬರುವುದು ಹನ್ನೆರಡರಲ್ಲಿ, ಆ ಎರಡು ಲೆವೆಲ್‌ಗಳ ಉದ್ದಕ್ಕೂ ಬೆಕ್ಕಿಗೆ ನಾನೇ ಪಟ್ಟಿ ಕಟ್ಟಿದೆ. ಬೆಕ್ಕು ಮಾಂಸವನ್ನೂ ಮೀನನ್ನೂ ತಿನ್ನುತ್ತದೆ, ಸುಲಿದ ಪ್ರಾಣಿಗಳ ಮಾಂಸವೇ ಅದಕ್ಕೆ ಧಾರಾಳವಾಯಿತು, ಹಾಗಾಗಿ ಗಾಳ ಹಿಡಿದು ಕೂರುವ ಅಗತ್ಯ ಬೀಳಲಿಲ್ಲ.

ಹನ್ನೆರಡು ದಾಟಿ ಪಕ್ಕದ ಬ್ಯಾರೆನ್ಸ್ ಬಯಲಿಗೆ ಬಂದಾಗ ಸ್ಕಿನ್ನಿಂಗ್ 90ರ ಮೇಲಿತ್ತು. ಅಲ್ಲಿಯ ಜೆವ್ರಾಗಳು, ರಾಪ್ಟರ್‌ಗಳು, ಸಿಂಹಗಳು ಯಾವುವೂ ಚೂರಿಗೆ ಒಲ್ಲೆನೆನ್ನಲಿಲ್ಲ. ಬೇರೆ ಆಟಗಾರರು ಕೊಂದು, ಬೇಕಾದ್ದನ್ನು ತೆಗೆದುಕೊಂಡು ಬಿಟ್ಟುಹೋದ ಪ್ರಾಣಿಗಳನ್ನೂ ಸುಲಿಯಬಹುದಾದ್ದರಿಂದ ಕ್ರಾಸ್‌ರೋಡ್ಸ್ ಊರಿನ ಸುತ್ತಲಿನ ರಸ್ತೆಯುದ್ದಕ್ಕೂ ಒಂದು ಗುಂಡೂ ಹಾರಿಸದೆ ಚರ್ಮ ಕೂಡುತ್ತಿತ್ತು. ತೊಂದರೆ ಶುರುವಾದದ್ದು ಪರದೆಯ ಮೂಲೆಯ ಪುಟ್ಟ ನಕ್ಷೆಯಾದ ಮಿನಿಮ್ಯಾಪ್‌ನಲ್ಲಿ.

ಈ ಆಟದಲ್ಲಿ ಜಾಡು ತೋರಿಸುವ ವಿದ್ಯೆಗಳು ಹಲವಿವೆ. ಹರ್ಬಲಿಸಂ ಕಲಿತವನಿಗೆ ಮೂಲಿಕೆಗಳು, ಮೈನಿಂಗ್ ಕಲಿತವನಿಗೆ ಅದಿರು ಮಿನಿಮ್ಯಾಪ್‌ನಲ್ಲಿ ಹಳದಿ ಚುಕ್ಕೆಯಾಗಿ ಕಾಣುತ್ತವೆ. ಬೇಟೆಗಾರನಿಗೆ ಇವಲ್ಲದೆ ಪ್ರಾಣಿಗಳನ್ನು, ಹತ್ತನೆಯ ಲೆವೆಲ್ ನಂತರ ಮನುಷ್ಯರೂಪದವರನ್ನು ತೋರಿಸುವ ತನ್ನದೇ ವಿದ್ಯೆಗಳಿವೆ. ಆದರೆ ಒಂದು ಹೊತ್ತಿಗೆ ಒಂದೇ ಜಾಡು ನಡೆಯುತ್ತದೆ, ಇನ್ನೊಂದನ್ನು ಒತ್ತಿದರೆ ಮೊದಲಿನದು ಆರಿಹೋಗುತ್ತದೆ. ಮೈನಿಂಗ್ ಮತ್ತು ಹರ್ಬಲಿಸಂ ಒಟ್ಟಿಗೆ ಹಿಡಿಯಬಾರದೆಂದು ಎಲ್ಲರೂ ಹೇಳುವುದು ಇದೇ ಕಾರಣಕ್ಕೆ. ಬೇಟೆಗಾರನ ಕೈಯಲ್ಲಿ ಹರ್ಬಲಿಸಂ ಒಂದೇ ಇದ್ದರೂ ಅದೇ ಇಕ್ಕಟ್ಟು ಬರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಇದನ್ನು ಊಹೆಗೆ ಬಿಡದೆ ಅಳೆದು ನೋಡಬೇಕೆನಿಸಿ, ಎರಡು ರಾತ್ರಿ ಒಂದೇ ದಾರಿಯಲ್ಲಿ ಒಂದೊಂದು ಗಂಟೆ ನಡೆದೆ. ಕ್ರಾಸ್‌ರೋಡ್ಸ್‌ನಿಂದ ವಾಯವ್ಯಕ್ಕಿರುವ ಫರ್ಗಾಟನ್ ಪೂಲ್ಸ್, ಅಲ್ಲಿಂದ ದಕ್ಷಿಣಕ್ಕೆ ಲಷ್‌ವಾಟರ್ ಓಯಸಿಸ್, ಮರಳಿ ಕ್ರಾಸ್‌ರೋಡ್ಸ್. ಮೊದಲ ರಾತ್ರಿ ಮೂಲಿಕೆಯ ಜಾಡನ್ನು, ಎರಡನೆಯ ರಾತ್ರಿ ಪ್ರಾಣಿಗಳ ಜಾಡನ್ನು ಹಾಕಿಟ್ಟೆ. ಮೊದಲ ರಾತ್ರಿ 23 ಮೂಲಿಕೆ, 31 ಚರ್ಮ. ಎರಡನೆಯ ರಾತ್ರಿ 6 ಮೂಲಿಕೆ, 58 ಚರ್ಮ. ಹಣದ ಲೆಕ್ಕದಲ್ಲಿ ಮೊದಲ ರಾತ್ರಿಯೇ ಗೆದ್ದಿತೆಂದು ಪ್ರಾಮಾಣಿಕವಾಗಿ ಹೇಳಬೇಕು. ಬ್ರೈಯರ್‌ಥಾರ್ನ್ ಮತ್ತು ಸ್ವಿಫ್ಟ್‌ಥಿಸಲ್‌ಗೆ ಹರಾಜುಕಟ್ಟೆಯಲ್ಲಿ ಒಳ್ಳೆಯ ಬೆಲೆ ಬಂತು, ಕಟ್ಟೆಯ ಶೇಕಡಾ 5ರ ಕಡಿತ ಕಳೆದ ಮೇಲೂ ಚರ್ಮದ ದುಪ್ಪಟ್ಟು ಉಳಿಯಿತು. ಹಣವೊಂದೇ ಗುರಿಯಾಗಿರುವವರು ಈ ದಿನಚರಿಯನ್ನು ಇಲ್ಲಿಗೇ ಮುಚ್ಚಿ ಹರ್ಬಲಿಸಂ ಇಟ್ಟುಕೊಳ್ಳುವುದೇ ಸರಿ.

ನನ್ನ ಮಟ್ಟಿಗೆ ಆ ರಾತ್ರಿಯ ಇನ್ನೊಂದು ಸಂಗತಿ ಹೆಚ್ಚು ತೂಗಿತು. ಫರ್ಗಾಟನ್ ಪೂಲ್ಸ್‌ನ ನೀರಿನಂಚಿನಲ್ಲಿ ಹಳದಿ ಚುಕ್ಕೆಯೊಂದನ್ನು ನೋಡುತ್ತ ಹೋಗಿ, ಪೊದೆಯ ಮುಂದೆ ಬಗ್ಗಿ ಮೇಜ್‌ರಾಯಲ್ ಕೀಳುತ್ತಿದ್ದೆ. ಕೀಳುವ ಗೆರೆ ಮುಕ್ಕಾಲು ತುಂಬಿರುವಾಗ ಬೆನ್ನ ಹಿಂದಿನಿಂದ ಅರ್ಧ ಕುದುರೆ ಅರ್ಧ ಮನುಷ್ಯನಾದ ಕೋಲ್ಕಾರ್ ಸೆಂಟಾರ್ ಒಬ್ಬ ಬಂದೆರಗಿದ, ಅವನನ್ನು ಬೆಕ್ಕಿಗೆ ಒಪ್ಪಿಸಿ ಹಿಂದೆ ಸರಿಯುವಷ್ಟರಲ್ಲಿ ಇನ್ನಿಬ್ಬರ ಗುಡಾರದ ಮುಂದೆಯೇ ನಿಂತಿದ್ದೆ. ಬೆಕ್ಕೂ ಉಳಿಯಲಿಲ್ಲ, ನಾನೂ ಉಳಿಯಲಿಲ್ಲ. ಮಸಣದಿಂದ ಹೆಣದವರೆಗೆ ಆತ್ಮವಾಗಿ ಓಡಿ ಬರಲು ನಾಲ್ಕು ನಿಮಿಷ, ಬೆಕ್ಕನ್ನು ಎಬ್ಬಿಸಿ ಸಮಾಧಾನಪಡಿಸಿ ತಿನ್ನಿಸಲು ಮತ್ತಷ್ಟು. ಸೆಂಟಾರ್‌ಗಳು ಮನುಷ್ಯರೂಪದವರ ಲೆಕ್ಕಕ್ಕೆ ಬರುತ್ತಾರೆ, ಆ ಜಾಡು ಹಾಕಿದ್ದರೆ ಮೂವರೂ ಎಲ್ಲಿದ್ದಾರೆಂದು ಮೊದಲೇ ಕಾಣುತ್ತಿತ್ತು. ಬೇಟೆಗಾರನ ಅರ್ಧ ಬಲ ಇರುವುದೇ ದೂರದಿಂದ ಮೊದಲು ಕಾಣುವುದರಲ್ಲಿ. ಆ ಕಣ್ಣನ್ನು ಮುಚ್ಚಿ ಮೂಲಿಕೆಗೆ ಕೊಟ್ಟಿದ್ದೆ.

ಎರಡು ಜಾಡುಗಳನ್ನು ಬೆರಳ ತುದಿಯಲ್ಲಿ ಬದಲಾಯಿಸುತ್ತ ಹೋದರಾಗದೇ ಎಂದು ಕೇಳಬಹುದು. ಅದನ್ನೂ ಎರಡು ಸಂಜೆ ಪ್ರಯತ್ನಿಸಿದೆ. ಬದಲಾಯಿಸಲು ಒಂದೂವರೆ ಸೆಕೆಂಡು ಮಾತ್ರ ಹಿಡಿಯುತ್ತದೆ, ಖರ್ಚೇನೂ ಇಲ್ಲ. ಆದರೆ ನಡೆಯುತ್ತ, ಗುರಿ ಹಿಡಿಯುತ್ತ, ಬೆಕ್ಕನ್ನು ನೋಡಿಕೊಳ್ಳುತ್ತ ಇರುವಾಗ ಪ್ರತಿ ಹತ್ತು ಸೆಕೆಂಡಿಗೊಮ್ಮೆ ಅದನ್ನು ನೆನಪಿಡುವುದು ನನ್ನಿಂದ ಆಗಲಿಲ್ಲ. ಬದಲಾಯಿಸಿದ್ದೇನೆ ಎಂದುಕೊಂಡು ತಪ್ಪು ಜಾಡಿನಲ್ಲೇ ಅರ್ಧ ಬ್ಯಾರೆನ್ಸ್ ದಾಟಿದ್ದುಂಟು. ಇಂಥದ್ದರಲ್ಲಿ ಕೈ ಪಳಗಿದವರಿಗೆ ನನ್ನ ಈ ಅಡಚಣೆ ಅಡಚಣೆಯೇ ಅಲ್ಲದಿರಬಹುದು.

ಹದಿನಾರನೆಯ ಲೆವೆಲ್‌ನಲ್ಲಿ ಥಂಡರ್ ಬ್ಲಫ್‌ಗೆ ಹಿಂತಿರುಗಿ ಹರ್ಬಲಿಸಂ ಬಿಟ್ಟೆ. ನನ್ನ ಸ್ವಂತದ ಅಂಕ 58, ಕುಲದ 15 ಸೇರಿ 73. 70 ಬೇಡುವ ಬ್ರೈಯರ್‌ಥಾರ್ನ್ ಆಗ ತಾನೇ ಕೈಗೆಟುಕಿತ್ತು. ಖಚಿತವೇ ಎಂದು ಆಟ ಕೇಳಿದಾಗ ತುಸು ಹೊತ್ತು ಸುಮ್ಮನೆ ಕುಳಿತಿದ್ದು, ನಂತರ ಒತ್ತಿದೆ. ಅದೇ ಬೆಟ್ಟದ ಮೇಲೆ ಲೆದರ್‌ವರ್ಕಿಂಗ್ ಕಲಿಸುವವರನ್ನು ಹುಡುಕಿಕೊಂಡು ಹೋದೆ. ಈ ಕಸುಬಿಗೆ ಮಿನಿಮ್ಯಾಪ್ ಬೇಡ, ಚೀಲದಲ್ಲಿ ಹೊಸ ಬಗೆಯ ಸರಕೂ ಬೇಡ, ಸ್ಕಿನ್ನಿಂಗ್ ತಂದುಕೊಟ್ಟದ್ದನ್ನೇ ಅದು ತಿನ್ನುತ್ತದೆ. ಬೇಟೆಗಾರ ನಲವತ್ತರವರೆಗೆ ತೊಡುವುದೂ ಚರ್ಮದ ಉಡುಪನ್ನೇ. ನಲವತ್ತರ ಮೇಲೆ ಸರಪಳಿ ಕವಚ ತೊಡುವ ಅರ್ಹತೆ ಬಂದಾಗ, ಈ ಕಸುಬಿನಲ್ಲಿ 225 ಅಂಕ ಮುಟ್ಟಿದವರಿಗೆ ಅಂಥ ಕವಚ ಮಾಡುವ ಡ್ರ್ಯಾಗನ್‌ಸ್ಕೇಲ್ ಶಾಖೆಯ ದಾರಿ ತೆರೆದಿರುತ್ತದೆ. ಕೊನೆಯ ಲೆವೆಲ್‌ಗಳಲ್ಲಿ ತೊಡುವ ಡೆವಿಲ್‌ಸಾರ್ ಉಡುಪಿನ ಆಸೆಗೆ ಹಲವರು ಈ ಕಸುಬು ಹಿಡಿಯುತ್ತಾರೆ. ನಾನು ಅಷ್ಟು ದೂರದ ಲೆಕ್ಕ ಹಾಕಲಿಲ್ಲ.

ಬ್ಯಾಂಕಿನಲ್ಲಿ ಮಲ್ಗೋರ್‌ನ ದಿನಗಳಿಂದ ಕೂಡಿಟ್ಟ ಲೈಟ್ ಲೆದರ್ ಆರು ಅಟ್ಟಿ, ಒಟ್ಟು 120 ಇತ್ತು. ಅಂಗಡಿಗೆ ಕೊಟ್ಟರೆ ಒಂದಕ್ಕೆ 15 ತಾಮ್ರದ ಕಾಸು, ಅಂದರೆ ಇಡೀ ರಾಶಿಗೆ 18 ಬೆಳ್ಳಿ. ಈ 18 ಬೆಳ್ಳಿಯನ್ನು ಖರ್ಚೆಂದು ಬರೆದುಕೊಂಡೇ ಕೆಲಸಕ್ಕೆ ಕೂತೆ. ತಾನೇ ಸುಲಿದ ಚರ್ಮ ಪುಕ್ಕಟೆ ಎಂದುಕೊಳ್ಳುವುದು ತಯಾರಿಕೆಯ ಕಸುಬಿನಲ್ಲಿ ಎಲ್ಲರೂ ಮಾಡುವ ತಪ್ಪು, ಮಾರಿದ್ದರೆ ಬರುತ್ತಿದ್ದ ಹಣ ಅದರ ಬೆಲೆ.

ಮೊದಲಿಗೆ, ಉಡುಪಿಗೆ ಹೊಲಿದು ರಕ್ಷಣೆ ಹೆಚ್ಚಿಸುವ ಲೈಟ್ ಆರ್ಮರ್ ಕಿಟ್. ಒಂದು ಚರ್ಮಕ್ಕೆ ಒಂದು ಕಿಟ್, ದಾರವೂ ಬೇಡ. ಕಲಿತ ಪಾಠಗಳ ಪಟ್ಟಿಯಲ್ಲಿ ಅದರ ಹೆಸರು ಕಿತ್ತಳೆ ಬಣ್ಣದಲ್ಲಿರುವವರೆಗೆ ಪ್ರತಿ ಕಿಟ್‌ಗೂ ಒಂದು ಅಂಕ ಖಂಡಿತ. ಹಳದಿಗೆ ತಿರುಗಿದ ಮೇಲೆ ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ, ಹಸಿರಾದರೆ ಸಿಗುವುದೇ ಅಪರೂಪ, ಬೂದಿಯಾದರೆ ಏನೂ ಇಲ್ಲ. ಹಳದಿಯಲ್ಲಿ ಕಿಟ್ ನಿಲ್ಲಿಸಿ, ಎರಡು ಚರ್ಮ ಒಂದು ದಾರದ ಬೂಟುಗಳಿಗೆ ಹೋದೆ. 30 ಅಂಕ ಆದಾಗ ನಾನು ಎದುರುನೋಡುತ್ತಿದ್ದ ಪಾಠ ಬಂತು: ಎಂಟು ಖಾನೆಯ ಚರ್ಮದ ಗುಂಡಿನ ಸಂಚಿ. ಆಟ ಆರಂಭದಲ್ಲಿ ಕೊಟ್ಟದ್ದಕ್ಕೆ ಆರು ಖಾನೆ. ಒಂದು ಖಾನೆಗೆ 200 ಗುಂಡಿನಂತೆ 1,200 ಇದ್ದದ್ದು 1,600ಕ್ಕೆ ಏರುತ್ತದೆ, ಬ್ಯಾರೆನ್ಸ್‌ನ ದೂರದ ಮೂಲೆಗಳಲ್ಲಿ ಇಡೀ ಸಂಜೆ ಅಂಗಡಿಯ ಮುಖ ನೋಡದೆ ಕಳೆಯಬಹುದು.

ಹಳೆಯ ಸಂಚಿಯನ್ನು ತೆಗೆದು ಹೊಸದನ್ನು ತೂಗುಹಾಕುವ ಕೆಲಸ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಒಳಗೆ ಏನಾದರೂ ಇರುವವರೆಗೆ ಚೀಲ ಕಳಚುವುದಿಲ್ಲ. ಗುಂಡಿನ ಐದು ಕಟ್ಟುಗಳನ್ನು ಬೆನ್ನುಚೀಲಕ್ಕೆ ವರ್ಗಾಯಿಸಬೇಕು, ಅಲ್ಲಿ ಖಾಲಿ ಇದ್ದದ್ದು ಎರಡು ಖಾನೆ. ಮಾಡಿಟ್ಟ ಬೂಟುಗಳನ್ನು ಅಂಗಡಿಗೆ ಕೊಟ್ಟು, ಕಿಟ್‌ಗಳನ್ನು ಬ್ಯಾಂಕಿಗೆ ಹಾಕಿ, ಗುಂಡುಗಳನ್ನು ಒಂದೊಂದೇ ಕಟ್ಟಾಗಿ ಹೊರಗೆಳೆದು, ಬರಿದಾದ ಸಂಚಿಯನ್ನು ಕಳಚಿ, ಹೊಸದನ್ನು ಅದೇ ಜಾಗದಲ್ಲಿಟ್ಟು, ಮತ್ತೆ ಐದೂ ಕಟ್ಟುಗಳನ್ನು ಒಳಗೆ ಸೇರಿಸಿದೆ. ಹೊಸ ಸಂಚಿಯ ಮೇಲೆ ಮೌಸ್‌ನ ಬಾಣ ಇಟ್ಟರೆ ಮಾಡಿದವರ ಹೆಸರಿನ ಜಾಗದಲ್ಲಿ ನನ್ನ ಬೇಟೆಗಾರನ ಹೆಸರೇ ಕಾಣುತ್ತಿತ್ತು. ಈ ಪಾತ್ರ ನನ್ನದು ಅನ್ನಿಸಿದ್ದು ಆ ರಾತ್ರಿ.

ಅದೇ ಕುಳಿತಲ್ಲಿ ಅಂಕ 61ಕ್ಕೆ ಬಂದು ನಿಂತಿತು, ಚರ್ಮ ಮುಗಿಯಿತು. ತಯಾರಿಕೆಯ ಕಸುಬುಗಳಲ್ಲಿ 75 ದಾಟುವ ಪಾಠಕ್ಕೆ ಪಾತ್ರ ಹತ್ತನೆಯ ಲೆವೆಲ್‌ನಲ್ಲಿರಬೇಕು, 150 ದಾಟಲು ಇಪ್ಪತ್ತು, 225 ದಾಟಲು ಮೂವತ್ತೈದು. ನಾನು ಹದಿನಾರರಲ್ಲಿ ಇದ್ದುದರಿಂದ ಸದ್ಯಕ್ಕೆ ಲೆವೆಲ್ ಅಡ್ಡಿಯಾಗಲಿಲ್ಲ, ಚರ್ಮವೇ ಸಾಲದಾಯಿತು. ಹಾಗಾಗಿ ಒಂದು ಕಟ್ಟುಪಾಡು ಹಾಕಿಕೊಂಡೆ: ಲೈಟ್ ಲೆದರ್ ಎಲ್ಲ ಕಸುಬಿಗೆ, ಹೆಚ್ಚಿನ ಲೆವೆಲ್‌ನ ಪ್ರಾಣಿಗಳಿಂದ ಸಿಗುವ ಮೀಡಿಯಂ ಲೆದರ್ ಎಲ್ಲ ಮಾರಾಟಕ್ಕೆ. ಎರಡನ್ನೂ ಕಸುಬಿಗೆ ಸುರಿದರೆ ನಲವತ್ತರ ಸವಾರಿಯ 100 ಚಿನ್ನ ಎಂದಿಗೂ ಕೂಡುವುದಿಲ್ಲ, ಎರಡನ್ನೂ ಮಾರಿದರೆ ಲೆದರ್‌ವರ್ಕಿಂಗ್ ಕಲಿತು ಪ್ರಯೋಜನವಿಲ್ಲ. ಹದಿನೇಳರಿಂದ ಇಪ್ಪತ್ತೆರಡರವರೆಗಿನ ಪುಟಗಳಲ್ಲಿ ಈ ಕಟ್ಟುಪಾಡನ್ನು ಒಂದೇ ಸಲ ಮುರಿದದ್ದಿದೆ, ಅದೂ ಒಂದು ಜೊತೆ ಕೈಗವಸಿಗಾಗಿ.

ಬ್ಯಾಂಕಿನಲ್ಲಿಟ್ಟ ಕಿಟ್‌ಗಳಿಗೆ ಒಂದು ಒಳ್ಳೆಯ ಉಪಯೋಗ ತಮ್ಮ ತೋರಿಸಿದ. ಮಾಂತ್ರಿಕ ಚರ್ಮದ ಉಡುಪು ತೊಡಲಾರ, ಆದರೆ ಆರ್ಮರ್ ಕಿಟ್ ಬಟ್ಟೆಯ ಉಡುಪಿಗೂ ಹೊಂದುತ್ತದೆ. ಎದೆ, ಕಾಲು, ಕೈ, ಪಾದ ಈ ನಾಲ್ಕರಲ್ಲಿ ಯಾವುದಕ್ಕೆ ಹೊಲಿದರೂ ಅದರ ರಕ್ಷಣೆಗೆ 8 ಕೂಡುತ್ತದೆ. "ನಂಗೆ ನಾಲ್ಕು ಕಳಿಸಣ್ಣ, ಮೈಮೇಲೆ ಬರೀ ಬಟ್ಟೆ ನೋಡು" ಎಂದ. ನಾಲ್ಕರ ಬದಲು ಎಂಟು ಕಳಿಸಿದೆ, ಉಡುಪು ಬದಲಾದಾಗ ಹಳೆಯ ಕಿಟ್ ಅದರೊಂದಿಗೇ ಹೋಗುತ್ತದಲ್ಲ. ನಾನು ಮಾಡಿದ್ದರಲ್ಲಿ ಯಾರಿಗೂ ಬೇಡವಾದ, ಹೆಸರು ಹಸಿರಿನಲ್ಲಿ ಕಾಣುವ ತುಸು ಮೇಲ್ದರ್ಜೆಯ ಉಡುಪುಗಳೂ ಅವನಿಗೇ ಹೋಗುತ್ತವೆ, ಅವನ್ನು ಕರಗಿಸಿ ಎಂಚಾಂಟಿಂಗ್ ಪುಡಿ ಮಾಡಿಕೊಳ್ಳುತ್ತಾನೆ. ಅವನು ಹರ್ಬಲಿಸಂ ಹಿಡಿದಿದ್ದರೆ ನನ್ನ ಚರ್ಮದಿಂದ ಅವನಿಗೆ ಇಷ್ಟು ಲಾಭವಾಗುತ್ತಿರಲಿಲ್ಲ, ನಾನು ಹರ್ಬಲಿಸಂ ಬಿಡದಿದ್ದರೆ ಅವನಿಗೆ ಕಳಿಸಲು ನನ್ನಲ್ಲಿ ಏನೂ ಇರುತ್ತಿರಲಿಲ್ಲ.

ಇಪ್ಪತ್ತೆರಡನೆಯ ಲೆವೆಲ್‌ನ ಪುಟದಲ್ಲಿ ಸ್ಕಿನ್ನಿಂಗ್ 147, ಲೆದರ್‌ವರ್ಕಿಂಗ್ 118 ಎಂದಿದೆ. ಸ್ಕಿನ್ನಿಂಗ್ ಕಟ್ಟೆಗೆ ಮೂರೇ ಅಂಕ ಬಾಕಿಯಿದ್ದುದರಿಂದ ಈ ಸಲ ಮರೆಯದೆ, ಕ್ರಾಸ್‌ರೋಡ್ಸ್‌ನಿಂದ ಥಂಡರ್ ಬ್ಲಫ್‌ಗೆ ಹಾರುವ ವೈವರ್ನ್ ಪ್ರಾಣಿಯನ್ನು ಹತ್ತಿ ಹೋಗಿ ಮುಂದಿನ ಪಾಠ ಕಲಿತೆ. ಅಂಚೆಪೆಟ್ಟಿಗೆ ತೆರೆದಾಗ ತಮ್ಮ ಕಳಿಸಿದ ಮೂರು ಉಲ್ಲನ್ ಚೀಲಗಳು ಕಾದಿದ್ದವು. ಒಂದೊಂದಕ್ಕೆ ಎಂಟು ಖಾನೆ, ಒಂದೊಂದಕ್ಕೆ ಒಂಬತ್ತು ಉಣ್ಣೆಯ ತುಂಡು ಹಿಡಿದಿದೆ. ಬೆನ್ನುಚೀಲದ 16 ಸೇರಿ ಈಗ 40 ಖಾನೆ. ಲಿನನ್ ಚೀಲಗಳನ್ನು ಬರಿದು ಮಾಡಿ ಬ್ಯಾಂಕಿನ ಕಪಾಟಿಗೆ ತೂಗುಹಾಕಿ, ಪ್ರಾಣಿಗಳ ಜಾಡು ಹಾಕಿಕೊಂಡು ಲಿಫ್ಟ್ ಇಳಿದೆ.